ಸಂಬಳ ಸರಿಯಾಗಿ ಬಂದರೂ ಕೆಲಸದಲ್ಲಿ ಮನಸ್ಸು ನಿಲ್ಲೋದಿಲ್ಲ ಯಾಕೆ? ಮಾರ್ಸ್‌ಡನ್ ಪಾರ್ಕ್‌ನಿಂದ ಗಲ್ಫ್‌ವರೆಗೆ ಒಂದೇ ಪ್ರಶ್ನೆ

ಸಿಡ್ನಿ: ಸಿಡ್ನಿಯ ವಾಯವ್ಯ ಅಂಚಿನಲ್ಲಿರುವ ಮಾರ್ಸ್‌ಡನ್ ಪಾರ್ಕ್ ಕೆಲ ವರ್ಷಗಳ ಹಿಂದಿನವರೆಗೂ ಹೊಲ, ಹುಲ್ಲುಗಾವಲು ಇದ್ದ ಜಾಗ. ಇವತ್ತು ಬ್ಲ್ಯಾಕ್‌ಟೌನ್ ಕೌನ್ಸಿಲ್ ವ್ಯಾಪ್ತಿಯ ಈ ಬಡಾವಣೆಯಲ್ಲಿ ಸಾಲು ಸಾಲು ಹೊಸ ಮನೆಗಳು. ರಿಚ್ಮಂಡ್ ರಸ್ತೆಯ ಪಕ್ಕ ಸಿಡ್ನಿ ಬಿಸಿನೆಸ್ ಪಾರ್ಕ್. ಅಲ್ಲಿ ಐಕಿಯಾ, ಕಾಸ್ಟ್‌ಕೊ, ಬನ್ನಿಂಗ್ಸ್‌ನಂಥ ದೊಡ್ಡ ಅಂಗಡಿಗಳು, ಗೋದಾಮುಗಳು. ಭಾರತದಿಂದ ಹೋದ ಕುಟುಂಬಗಳು ಇಲ್ಲಿ ದೊಡ್ಡ ಸಂಖ್ಯೆಯಲ್ಲಿ ನೆಲೆಸಿವೆ, ಅವುಗಳಲ್ಲಿ ಕನ್ನಡದ ಮನೆಗಳೂ ಇವೆ. ಬೆಂಗಳೂರಿನಿಂದ ನೇರವಾಗಿ ಐಟಿ ಕೆಲಸಕ್ಕೆ ಹೋದವರು, ಓದಲು ಹೋಗಿ ಉಳಿದವರು, ದುಬೈ, ದೋಹಾದಲ್ಲಿ ನಾಲ್ಕಾರು ವರ್ಷ ದುಡಿದು ನಂತರ ಅತ್ತ ಹಾರಿದವರು ಎಲ್ಲರೂ ಇದ್ದಾರೆ.

ಊರಿನಿಂದ ಫೋನ್ ಮಾಡಿ 'ಕೆಲಸ ಹೇಗಿದೆ ಮಗ?' ಅಂತ ಅಮ್ಮ ಕೇಳಿದರೆ ಮಾರ್ಸ್‌ಡನ್ ಪಾರ್ಕ್‌ನಿಂದ ಬರೋ ಉತ್ತರಕ್ಕೂ ದಮ್ಮಾಮ್‌ನಿಂದ ಬರೋ ಉತ್ತರಕ್ಕೂ ಹೆಚ್ಚು ವ್ಯತ್ಯಾಸ ಇರೋದಿಲ್ಲ. 'ಏನಮ್ಮ, ನಡೀತಿದೆ.' ಈ 'ನಡೀತಿದೆ'ಯಲ್ಲಿ ಎರಡು ಬಗೆ ಇದೆ. ಒಂದು, ಕೆಲಸದಲ್ಲಿ ಮನಸ್ಸಿದೆ, ಹೇಳಿಕೊಳ್ಳುವಂಥ ತೊಂದರೆ ಇಲ್ಲ. ಇನ್ನೊಂದು, ಮೈ ಕೆಲಸದಲ್ಲಿದೆ, ಮನಸ್ಸು ಅಲ್ಲಿಂದ ಯಾವತ್ತೋ ಎದ್ದು ಹೋಗಿದೆ. ಹೊರಗಿನಿಂದ ನೋಡೋರಿಗೆ ಎರಡೂ ಒಂದೇ ಥರ ಕಾಣುತ್ತೆ. ಕಂಪನಿಗಳು ಎಡವೋದೂ ಇಲ್ಲೇ.

ಇದಕ್ಕೆ ಆಡಳಿತದ ಭಾಷೆಯಲ್ಲಿ 'ಎಂಪ್ಲಾಯಿ ಎಂಗೇಜ್‌ಮೆಂಟ್' ಅಂತಾರೆ. ಕನ್ನಡದಲ್ಲಿ ಹೇಳೋದಾದರೆ, ಕೆಲಸದಲ್ಲಿ ಮನಸ್ಸಿಟ್ಟು ತೊಡಗಿಕೊಳ್ಳೋದು. ಅಮೆರಿಕದ ಗ್ಯಾಲಪ್ ಸಂಸ್ಥೆ ಪ್ರತಿ ವರ್ಷ ಜಗತ್ತಿನಾದ್ಯಂತ ಇದನ್ನು ಅಳೆಯುತ್ತೆ. 2024ರ ಲೆಕ್ಕದಲ್ಲಿ ಹೀಗೆ ಮನಸ್ಸಿಟ್ಟು ತೊಡಗಿಕೊಂಡವರು ಶೇ. 21 ಮಾತ್ರ. ಅಂದ್ರೆ ಐದು ಜನರಲ್ಲಿ ಒಬ್ಬರು. ಉಳಿದ ನಾಲ್ವರು ಸೋಮಾರಿಗಳಾ? ಖಂಡಿತ ಅಲ್ಲ. ಕೆಲಸದ ಜಾಗ ಹೇಗಿದೆ ಅನ್ನೋದೂ ಅದರಲ್ಲಿ ಸೇರಿದೆ. ಹಾಗಾದರೆ ಮನಸ್ಸನ್ನು ಕೆಲಸದಲ್ಲಿ ನಿಲ್ಲಿಸೋದು ಏನು, ಅಲ್ಲಿಂದ ಎಬ್ಬಿಸಿ ಕಳಿಸೋದು ಏನು? ಪರದೇಶದಲ್ಲಿ ದುಡಿಯೋರಿಗೆ ಇದು ಬರೀ ಕಂಪನಿಯ ಲಾಭದ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆ, ಮನೆಯ ಪ್ರಶ್ನೆ.

ಮೂರು ಕಾಲಿನ ಸ್ಟೂಲು

ಈ ವಿಷಯಕ್ಕೆ ಬುನಾದಿ ಹಾಕಿದವರಲ್ಲಿ ಅಮೆರಿಕದ ಸಂಶೋಧಕ ವಿಲಿಯಂ ಕಾನ್ ಪ್ರಮುಖರು. 1990ರಲ್ಲಿ ಅವರು ಪ್ರಕಟಿಸಿದ ಅಧ್ಯಯನಕ್ಕೆ ಆರಿಸಿಕೊಂಡಿದ್ದು ಎರಡು ಜಾಗ. ಒಂದು ಬೇಸಿಗೆ ಶಿಬಿರದ ಸಿಬ್ಬಂದಿ, ಇನ್ನೊಂದು ಕಟ್ಟಡ ವಿನ್ಯಾಸ ಮಾಡುವ ಆರ್ಕಿಟೆಕ್ಟ್ ಕಚೇರಿ. ಒಬ್ಬನೇ ವ್ಯಕ್ತಿ ಒಂದು ಹೊತ್ತು ಕೆಲಸದಲ್ಲಿ ಮುಳುಗಿ ಹೋಗ್ತಾನೆ, ಇನ್ನೊಂದು ಹೊತ್ತು ಅಲ್ಲೇ ಇದ್ದೂ ಇಲ್ಲದಂತೆ ಇರ್ತಾನೆ, ಯಾಕೆ ಅನ್ನೋದು ಅವರ ಪ್ರಶ್ನೆ. ಅವರು ಕಂಡುಕೊಂಡಿದ್ದು ಮೂರು ಸಂಗತಿ.

ಮೊದಲನೆಯದು ಅರ್ಥ. 'ನಾನು ಮಾಡೋ ಈ ಕೆಲಸದಿಂದ ಯಾರಿಗಾದರೂ ಉಪಯೋಗ ಇದೆಯಾ? ನನ್ನ ವಿದ್ಯೆಗೆ, ನನ್ನ ಕೈಚಳಕಕ್ಕೆ ಇಲ್ಲಿ ಬೆಲೆ ಇದೆಯಾ?' ಎರಡನೆಯದು ನಿರ್ಭಯ. 'ತಪ್ಪಾಗಿದೆ ಅಂತ ಹೇಳಿದರೆ, ಗೊತ್ತಿಲ್ಲ ಅಂತ ಒಪ್ಪಿಕೊಂಡರೆ, ನನ್ನ ಕೆಲಸಕ್ಕೆ, ಮರ್ಯಾದೆಗೆ ಕುತ್ತು ಬರುತ್ತಾ?' ಮೂರನೆಯದು ತ್ರಾಣ. 'ಕೆಲಸಕ್ಕೆ ಕೊಡಲು ನನ್ನ ಮೈಯಲ್ಲಿ, ಮನಸ್ಸಲ್ಲಿ ಇನ್ನೂ ಏನಾದರೂ ಉಳಿದಿದೆಯಾ, ಅಥವಾ ಎಲ್ಲ ಖಾಲಿಯಾ?'

ಮೂರು ಕಾಲಿನ ಸ್ಟೂಲಿನ ಹಾಗೆ ಇದು. ಒಂದು ಕಾಲು ಮುರಿದರೂ ಕೂರೋಕಾಗಲ್ಲ. ವಲಸೆ ಹೋದವರ ಬದುಕಿನಲ್ಲಿ ಈ ಮೂರೂ ಕಾಲುಗಳ ಮೇಲೆ ಬೇರೆಯವರಿಗಿಂತ ಹೆಚ್ಚು ಭಾರ ಬೀಳುತ್ತೆ. ಒಂದೊಂದಾಗಿ ನೋಡೋಣ. ಅದಕ್ಕೆ ಮೊದಲು ಎಲ್ಲರ ಬಾಯಲ್ಲೂ ಬರೋ ಸಂಬಳದ ಮಾತು.

ಸಂಬಳ: ಇಲ್ಲದಿದ್ದರೆ ಎಲ್ಲ ಕೆಡುತ್ತೆ, ಇದ್ದರೆ ಎಲ್ಲ ಸರಿಹೋಗಲ್ಲ

'ಕಾಸು ಜಾಸ್ತಿ ಕೊಟ್ಟರೆ ಮನಸ್ಸು ತಾನಾಗೇ ಬರುತ್ತೆ' ಅನ್ನೋದು ಸಾಮಾನ್ಯ ನಂಬಿಕೆ. ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಜೊತೆಗಾರರು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಸುಮಾರು 200 ಇಂಜಿನಿಯರು, ಅಕೌಂಟೆಂಟುಗಳನ್ನು ಮಾತಾಡಿಸಿ 1959ರಲ್ಲಿ ಬೇರೆಯೇ ಚಿತ್ರ ಕೊಟ್ಟರು. ಸಂಬಳ, ಕೆಲಸದ ಜಾಗದ ಸ್ಥಿತಿ, ಕಂಪನಿಯ ನಿಯಮ, ಮೇಲಧಿಕಾರಿಯ ನಡವಳಿಕೆ, ಇವು ಕೆಟ್ಟಿದ್ದರೆ ಅಸಮಾಧಾನ ಹುಟ್ಟುತ್ತೆ. ಚೆನ್ನಾಗಿದ್ದರೆ ಅಸಮಾಧಾನ ಹೋಗುತ್ತೆ, ಅಷ್ಟೇ. ಉತ್ಸಾಹ ಬರೋದು ಮಾತ್ರ ಸಾಧಿಸಿದ ತೃಪ್ತಿ, ಜವಾಬ್ದಾರಿ, ಗುರುತಿಸಿ ಹೇಳುವ ಒಂದು ಮಾತು, ಮುಂದೆ ಬೆಳೆಯುವ ದಾರಿ ಇವುಗಳಿಂದ. ಈ ವಿಂಗಡಣೆಯನ್ನು ನಂತರದವರು ಸಾಕಷ್ಟು ಪ್ರಶ್ನಿಸಿದ್ದಾರೆ. ಆದರೂ 'ಅಸಮಾಧಾನ ಇಲ್ಲ' ಅನ್ನೋದೂ 'ಮನಸ್ಸಿದೆ' ಅನ್ನೋದೂ ಒಂದೇ ಅಲ್ಲ ಎಂಬ ಮಾತು ಇವತ್ತಿಗೂ ನಿಂತಿದೆ.

ಇದಕ್ಕೆ ನಮ್ಮ ಕರ್ನಾಟಕದಲ್ಲೇ, ಅದೂ ಒಂದೇ ತಿಂಗಳ ಅಂತರದಲ್ಲಿ, ಎರಡು ದೊಡ್ಡ ಉದಾಹರಣೆ ಸಿಕ್ಕಿದ್ದವು.

2020ರ ಡಿಸೆಂಬರ್ 12. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರ ಸಿಟ್ಟು ಸ್ಫೋಟಗೊಂಡು ಗಾಜು, ಯಂತ್ರ, ವಾಹನಗಳು ಪುಡಿಯಾದವು. ನೂರಕ್ಕೂ ಹೆಚ್ಚು ಜನರ ಬಂಧನವೂ ಆಯ್ತು. ಹಿಂಸೆಯನ್ನು ಯಾರೂ ಸಮರ್ಥಿಸಲಿಲ್ಲ. ಆದರೆ ಅದರ ಹಿಂದೆ ಏನಿತ್ತು? ಇಂಜಿನಿಯರಿಂಗ್ ಓದಿದವರಿಗೆ ತಿಂಗಳಿಗೆ 21,000 ರೂಪಾಯಿ ಅಂತ ಹೇಳಿ, ಕೈಗೆ ಕೊಟ್ಟಿದ್ದು 16,000, ಆಮೇಲೆ 12,000 ಎಂದು ಕಾರ್ಮಿಕರು ದೂರಿದ್ದರು. ಹನ್ನೆರಡು ಗಂಟೆಯ ಪಾಳಿ ಬಂದಿತ್ತು, ಹಾಜರಿ ದಾಖಲೆಯಲ್ಲಿ ಗೊಂದಲ ಇತ್ತು. ಹೆಚ್ಚಿನವರು ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆ ನೌಕರರು. 'ನಿಮ್ಮ ಸಂಬಳ ಏಜೆನ್ಸಿಯವರ ಹತ್ತಿರ ಕೇಳಿ' ಅಂತ ಒಬ್ಬರು, 'ಕಂಪನಿಯವರನ್ನೇ ಕೇಳಿ' ಅಂತ ಇನ್ನೊಬ್ಬರು ಅಂದ್ರೆ ದೂರು ಕೊಡೋದು ಯಾರಿಗೆ? ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಸಿಕ್ಕಿಲ್ಲ ಅಂತ ಕಂಪನಿಯೇ ಆಮೇಲೆ ಒಪ್ಪಿ ಕ್ಷಮೆ ಕೇಳಿತು, ಭಾರತದ ಹೊಣೆ ಹೊತ್ತಿದ್ದ ಹಿರಿಯ ಅಧಿಕಾರಿಯನ್ನು ತೆಗೆಯಿತು. ಆಪಲ್ ಕಂಪನಿ ವಿಸ್ಟ್ರಾನನ್ನು ಪರೀಕ್ಷಾ ಅವಧಿಯಲ್ಲಿಟ್ಟಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಕೈಗೆ ಬಂತು.

ಅದಕ್ಕೂ ಒಂದು ತಿಂಗಳ ಮೊದಲು, 2020ರ ನವೆಂಬರ್‌ನಲ್ಲಿ, ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕಾರ್ಮಿಕರು ಧರಣಿ ಕೂತರು, ಆಡಳಿತ ಲಾಕ್‌ಔಟ್ ಘೋಷಿಸಿತು. ಅಲ್ಲಿ ಮುಖ್ಯ ತಕರಾರು ಸಂಬಳದ್ದಲ್ಲ. ಕೆಲಸದ ವೇಗ ತಾಳೋಕಾಗದಷ್ಟು ಹೆಚ್ಚಾಗಿದೆ, ಹೇಳಿಕೊಂಡರೆ ಕೇಳೋರಿಲ್ಲ ಅನ್ನೋದು ಕಾರ್ಮಿಕರ ಮಾತು. ಅಶಿಸ್ತು ತೋರಿದ್ದಕ್ಕೆ ಕ್ರಮ ಕೈಗೊಂಡೆವು ಅನ್ನೋದು ಆಡಳಿತದ ಮಾತು. ಯೂನಿಯನ್ನಿನ ಒಬ್ಬ ಕಾರ್ಮಿಕನ ಅಮಾನತಿನಿಂದ ಹೊತ್ತಿದ ಕಿಡಿ ಆರಲು ತಿಂಗಳುಗಳೇ ಹಿಡಿದವು.

ನರಸಾಪುರ ಹೇಳೋದು, ಸಂಬಳ ಕೆಟ್ಟರೆ ಬೇರೆ ಯಾವ ಮಾತೂ ನಡೆಯಲ್ಲ ಅಂತ. ಬಿಡದಿ ಹೇಳೋದು, ಸಂಬಳವೇ ತಕರಾರಲ್ಲದ ಕಡೆಯೂ ಕೇಳೋ ಕಿವಿ ಇಲ್ಲದಿದ್ದರೆ ಕಾರ್ಖಾನೆ ನಿಲ್ಲುತ್ತೆ ಅಂತ.

ಕೂಲಿಯ ಈ ಮೊದಲ ಮೆಟ್ಟಿಲನ್ನು ಭದ್ರ ಮಾಡೋಕೆ ಸರ್ಕಾರಗಳು ಕೆಲ ಹೆಜ್ಜೆ ಇಟ್ಟಿವೆ. ಯುಎಇಯಲ್ಲಿ 2009ರಿಂದ ಸಂಬಳ ಬ್ಯಾಂಕ್ ಮೂಲಕವೇ ಹೋಗಬೇಕೆನ್ನುವ ವೇತನ ರಕ್ಷಣಾ ವ್ಯವಸ್ಥೆ ಇದೆ. ಕತಾರ್‌ನಲ್ಲಿ 2021ರ ಮಾರ್ಚ್‌ನಿಂದ ಎಲ್ಲ ದೇಶದ ಕಾರ್ಮಿಕರಿಗೂ ತಿಂಗಳಿಗೆ ಕನಿಷ್ಠ 1,000 ರಿಯಾಲ್ ಮೂಲ ವೇತನ. ಕಂಪನಿ ವಸತಿ, ಊಟ ಕೊಡದಿದ್ದರೆ ಅದರ ಮೇಲೆ 500 ಮತ್ತು 300 ರಿಯಾಲ್. ಆಸ್ಟ್ರೇಲಿಯಾದಲ್ಲಿ 2025ರ ಜುಲೈ 1ರಿಂದ ಜಾರಿಯಾದ ರಾಷ್ಟ್ರೀಯ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್. ಸಂಬಳ ಕೊಟ್ಟ ಒಂದು ಕೆಲಸದ ದಿನದೊಳಗೆ ಪೇಸ್ಲಿಪ್ ಕೊಡಲೇಬೇಕು. 2025ರ ಜನವರಿ 1ರಿಂದ ಬೇಕೆಂದೇ ಕಡಿಮೆ ಕೂಲಿ ಕೊಡೋದು ಅಲ್ಲಿ ಕ್ರಿಮಿನಲ್ ಅಪರಾಧ.

ಇಷ್ಟಾದ ಮೇಲೂ ಕೆಲ ಕಂಪನಿಗಳ ವರಸೆ ಬೇರೆ. ಓವರ್‌ಟೈಮ್ ಬಾಕಿ ಇಟ್ಟುಕೊಂಡು ವರ್ಷಕ್ಕೊಮ್ಮೆ ಬಿರಿಯಾನಿ ಪಾರ್ಟಿ, ಟೀ-ಶರ್ಟು, ಗೋಡೆ ಮೇಲೆ 'ನಾವೆಲ್ಲ ಒಂದೇ ಕುಟುಂಬ' ಅನ್ನೋ ಬೋರ್ಡು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಂದ ಹಾಗೆ.

ಬಾಯಿ ಬಿಡೋಕೆ ಹೆದರಿಕೆ ಇದ್ದರೆ?

ವಲಸೆ ಕಾರ್ಮಿಕರ ವಿಷಯದಲ್ಲಿ ಎಲ್ಲಕ್ಕಿಂತ ತೂಕದ ಸಂಗತಿ ಇದು. ಊರಲ್ಲಿ ಕೆಲಸ ಹೋದರೆ ಕೆಲಸ ಮಾತ್ರ ಹೋಗುತ್ತೆ. ಪರದೇಶದಲ್ಲಿ ಕೆಲಸ ಹೋದರೆ ವೀಸಾ, ಅದರ ಹಿಂದೆ ಮನೆ, ಮಕ್ಕಳ ಶಾಲೆ, ಊರಿನ ಬ್ಯಾಂಕಿನ ಸಾಲ ಎಲ್ಲ ಅಲ್ಲಾಡುತ್ತೆ. ಅದಕ್ಕೇ ಅನೇಕರು ತಲೆ ಬಗ್ಗಿಸಿ ದುಡೀತಾರೆ. ರಜೆ ಕೇಳಲ್ಲ, ತಪ್ಪು ಕಂಡರೂ ಹೇಳಲ್ಲ, ಹೆಚ್ಚುವರಿ ಪಾಳಿ ಬಂದರೆ 'ಆಯ್ತು ಸಾರ್' ಅಂತಾರೆ. ಮೇಲಿನವರು ಇದನ್ನು ನೋಡಿ 'ನಮ್ಮ ಇಂಡಿಯನ್ ಹುಡುಗರು ತುಂಬಾ ನಿಷ್ಠರು' ಅಂತ ಹೊಗಳ್ತಾರೆ. ಆದರೆ ಹೋಗೋಕೆ ದಾರಿಯೇ ಇಲ್ಲದೆ ಉಳಿದವನ ನಿಷ್ಠೆಯನ್ನು ಅಳೆಯೋದು ಹೇಗೆ? ಬಾಗಿಲು ತೆರೆದಿದ್ದೂ ಯಾರು ಉಳೀತಾರೋ ಅವರ ಮನಸ್ಸು ಮಾತ್ರ ಆ ಕೆಲಸದಲ್ಲಿದೆ ಅಂತ ಹೇಳಬಹುದು.

ಹೆದರಿಕೆಯಿಂದ ಹುಟ್ಟಿದ ಮೌನ ಕಂಪನಿಗೂ ಒಳ್ಳೇದಲ್ಲ. ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ನರ್ಸ್ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತೆ ಅನ್ನೋದು ನಿರೀಕ್ಷೆ. ಅಂಕಿ ಅಂಶ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು. ಕಾರಣ ಹುಡುಕಿದಾಗ ಗೊತ್ತಾಗಿದ್ದೇನೆಂದರೆ, ಅಲ್ಲಿ ಹೆಚ್ಚು ತಪ್ಪು ಆಗ್ತಿದೆ ಅಂತಲ್ಲ, ಆದ ತಪ್ಪನ್ನು ಅಲ್ಲಿ ಹೆದರದೆ ಹೇಳ್ತಾರೆ. ಉಳಿದ ಕಡೆ ಮುಚ್ಚಿಡ್ತಾರೆ. ಕನ್ನಡದ ಎಷ್ಟೋ ಹೆಣ್ಣುಮಕ್ಕಳು ಗಲ್ಫ್‌ನ, ಆಸ್ಟ್ರೇಲಿಯಾದ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದಾರೆ. ಮುಚ್ಚಿಟ್ಟ ತಪ್ಪಿನ ಬೆಲೆ ಏನು ಅಂತ ಅವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಸ್ಕ್ಯಾಫೋಲ್ಡಿಂಗ್ ಮೇಲೆ ನಿಂತು ಕೆಲಸ ಮಾಡೋರಿಗೂ, ಫೋರ್ಕ್‌ಲಿಫ್ಟ್ ಓಡಿಸೋರಿಗೂ ಅಷ್ಟೇ. 'ಈ ಬೆಲ್ಟ್ ಸರಿ ಇಲ್ಲ' ಅನ್ನೋ ಮಾತು ನಾಲಿಗೆ ತುದಿಯಲ್ಲೇ ಉಳಿದರೆ ಒಂದು ಜೀವ ಹೋಗಬಹುದು.

ಹಾಗಾಗಿ ವೀಸಾ ನಿಯಮ ಬದಲಾದಾಗ ಕೆಲಸದ ಜಾಗದ ಗಾಳಿಯೂ ಬದಲಾಗುತ್ತೆ. ಆಸ್ಟ್ರೇಲಿಯಾದಲ್ಲಿ ಕಂಪನಿ ಸ್ಪಾನ್ಸರ್ ಮಾಡಿದ 482 ವೀಸಾದವರಿಗೆ ಮೊದಲು ಕೆಲಸ ಬಿಟ್ಟ ಮೇಲೆ ಹೊಸ ಸ್ಪಾನ್ಸರ್ ಹುಡುಕೋಕೆ 60 ದಿನ ಮಾತ್ರ ಇತ್ತು. 2024ರ ಜುಲೈ 1ರಿಂದ ಅದು ಒಂದು ಸಲಕ್ಕೆ 180 ದಿನ, ಇಡೀ ವೀಸಾ ಅವಧಿಗೆ ಸೇರಿ 365 ದಿನ ಆಗಿದೆ. ಆ ಅವಧಿಯಲ್ಲಿ ಬೇರೆ ಕೆಲಸ ಮಾಡೋಕೂ ಅವಕಾಶ ಇದೆ. ಶೋಷಣೆ ಬಗ್ಗೆ ದೂರು ಕೊಟ್ಟವರು ನ್ಯಾಯ ಕೇಳೋಕೆ ಅಲ್ಲೇ ಉಳಿಯಲು 'ವರ್ಕ್‌ಪ್ಲೇಸ್ ಜಸ್ಟಿಸ್' ಎಂಬ ತಾತ್ಕಾಲಿಕ ವೀಸಾವನ್ನೂ ಅದೇ ವರ್ಷ ಪ್ರಾಯೋಗಿಕವಾಗಿ ತಂದರು.

ಗಲ್ಫ್‌ನಲ್ಲೂ ಕಫಾಲಾದ ಬಿಗಿ ಒಂದೇ ಥರ ಉಳಿದಿಲ್ಲ. ಕತಾರ್ 2020ರಲ್ಲಿ ಕಾನೂನು ಬದಲಿಸಿ, ಹಳೇ ಮಾಲೀಕರ ಎನ್‌ಒಸಿ ಇಲ್ಲದೆ ಕೆಲಸ ಬದಲಿಸಲು ದಾರಿ ಮಾಡಿತು. ಸೌದಿ 2021ರ ಮಾರ್ಚ್ 14ರಿಂದ ಖಾಸಗಿ ಕಂಪನಿಗಳ ಕಾರ್ಮಿಕರಿಗೆ ಕೆಲ ಷರತ್ತುಗಳ ಮೇಲೆ ಮಾಲೀಕರನ್ನು ಬದಲಿಸಲು, ಊರಿಗೆ ಹೋಗಿ ಬರಲು ಅವಕಾಶ ಕೊಟ್ಟಿತು. ಆದರೆ ಆ ಸುಧಾರಣೆಯಿಂದ ಮನೆಗೆಲಸದವರು, ಮನೆಯ ಡ್ರೈವರ್‌ಗಳು, ತೋಟದ ಕೆಲಸದವರು ಹೊರಗುಳಿದರು. ನಮ್ಮ ಊರಿನ ಎಷ್ಟೋ ಜನ ಇರೋದು ಆ ಕೆಲಸಗಳಲ್ಲೇ. ಕಾಗದದ ಮೇಲಿನ ಹಕ್ಕು ಕ್ಯಾಂಪಿನ ಬಾಗಿಲಿಗೆ ಬರೋಕೆ ಸಮಯ ಹಿಡಿಯುತ್ತೆ ಅನ್ನೋದೂ ಸುಳ್ಳಲ್ಲ.

ಕಂಪನಿ ಅಂದ್ರೆ ನಿಜವಾಗಿ ಸೂಪರ್‌ವೈಸರ್

ಕಂಪನಿಯ ಹೆಸರು ದೊಡ್ಡದಿರಬಹುದು. ಆದರೆ ದಿನ ಬೆಳಗಾದರೆ ಕಾರ್ಮಿಕನ ಪಾಲಿಗೆ ಕಂಪನಿ ಅಂದ್ರೆ ಫೋರ್‌ಮ್ಯಾನ್, ಟೀಮ್ ಲೀಡ್, ಚಾರ್ಜ್ ನರ್ಸ್, ಕಿಚನ್ನಿನ ಹೆಡ್ ಕುಕ್. ಒಂದು ತಂಡಕ್ಕೂ ಇನ್ನೊಂದು ತಂಡಕ್ಕೂ ಇರುವ ವ್ಯತ್ಯಾಸದಲ್ಲಿ ಕನಿಷ್ಠ ಶೇ. 70ರಷ್ಟು ನೇರ ಮೇಲಧಿಕಾರಿಯಿಂದಲೇ ಬರುತ್ತೆ ಅನ್ನೋದು ಗ್ಯಾಲಪ್‌ನ ಲೆಕ್ಕ. ಒಂದೇ ಗೋದಾಮಿನಲ್ಲಿ, ಒಂದೇ ಸಂಬಳಕ್ಕೆ, ಬೆಳಗಿನ ಪಾಳಿಯ ಹುಡುಗರು ನಗ್ತಾ ಬರೋದು, ರಾತ್ರಿ ಪಾಳಿಯವರು ತಿಂಗಳಿಗೊಬ್ಬರಂತೆ ಬಿಟ್ಟು ಹೋಗೋದು ಇದಕ್ಕೇ.

ಒಳ್ಳೆಯ ಸೂಪರ್‌ವೈಸರ್ ಮಾಡೋದು ದೊಡ್ಡ ವಿಷಯವೇನಲ್ಲ. ರೋಸ್ಟರ್ ಮುಂಚೆಯೇ ಹೇಳ್ತಾನೆ. ಹೆಸರು ಸರಿಯಾಗಿ ಕರೀತಾನೆ, 'ಏ ಇಂಡಿಯಾ' ಅನ್ನಲ್ಲ. ಕೆಲಸ ಹೀಗೆ ಮಾಡು ಅನ್ನೋದರ ಜೊತೆ ಯಾಕೆ ಹೀಗೆ ಅಂತಲೂ ಹೇಳ್ತಾನೆ. ಚೆನ್ನಾಗಿ ಮಾಡಿದಾಗ ನಾಲ್ಕು ಜನರ ಎದುರು, ತಪ್ಪಾದಾಗ ಪಕ್ಕಕ್ಕೆ ಕರೆದು ಹೇಳ್ತಾನೆ. ಓವರ್‌ಟೈಮ್ ಹಂಚುವಾಗ ತನ್ನ ಊರಿನವರಿಗೆ ಒಂದು, ಬೇರೆಯವರಿಗೆ ಇನ್ನೊಂದು ಮಾಡಲ್ಲ.

ಈ ಕೊನೆಯ ಮಾತು ನಮ್ಮವರಿಗೂ ಸೇರಿದ್ದು. ಮಂಗಳೂರು, ಉಡುಪಿ, ಕಾಸರಗೋಡು, ಭಟ್ಕಳ ಕಡೆಯಿಂದ ಹೋದ ಎಷ್ಟೋ ಮಂದಿ ಇವತ್ತು ಗಲ್ಫ್‌ನಲ್ಲಿ ಸೂಪರ್‌ವೈಸರ್, ಮ್ಯಾನೇಜರ್, ಹೋಟೆಲ್ ಮಾಲೀಕರು. ಮಾರ್ಸ್‌ಡನ್ ಪಾರ್ಕ್‌ನಲ್ಲೂ ಮೆಲ್ಬೋರ್ನ್‌ನ ಪಶ್ಚಿಮದ ಟಾರ್ನೀಟ್, ಟ್ರುಗನೀನಾ ಬಡಾವಣೆಗಳಲ್ಲೂ ಭಾರತೀಯರ ಅಂಗಡಿ, ಹೋಟೆಲುಗಳಿಗೆ ಬರವಿಲ್ಲ. ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಎಷ್ಟೋ ಸಲ ಮೊದಲ ಕೆಲಸ ಕೊಡೋದು ಇಂಥ ಜಾಗಗಳೇ. 'ನಮ್ಮ ಊರಿನ ಹುಡುಗ' ಅಂತ ಕೆಲಸ ಕೊಟ್ಟರೆ ಅದು ಉಪಕಾರ. ಅದೇ ನೆಪದಲ್ಲಿ ಪೇಸ್ಲಿಪ್ ಇಲ್ಲದೆ, ಗಂಟೆ ಲೆಕ್ಕ ಇಲ್ಲದೆ ದುಡಿಸಿದರೆ ಅದು ಉಪಕಾರವಲ್ಲ. ಊರಿನವ ಅನ್ನೋ ದಾಕ್ಷಿಣ್ಯಕ್ಕೆ ಆ ಹುಡುಗ ಬಾಯಿ ಬಿಡಲ್ಲ ಅಂತ ಗೊತ್ತಿದ್ದೇ ಹಾಗೆ ಮಾಡೋದು ಇನ್ನೂ ದೊಡ್ಡ ತಪ್ಪು.

ಕಲಿತ ವಿದ್ಯೆ ಒಂದು, ಮಾಡೋ ಕೆಲಸ ಇನ್ನೊಂದು

ಮೊದಲ ಕಾಲು ಅರ್ಥ ಅಂತ ಹೇಳಿತ್ತಲ್ಲ, ವಲಸಿಗರಿಗೆ ಅಲ್ಲಿ ಬೀಳೋ ಪೆಟ್ಟು ಇದು. ಆಸ್ಟ್ರೇಲಿಯಾದ ಸಿಇಡಿಎ ಎಂಬ ಅಧ್ಯಯನ ಸಂಸ್ಥೆ 2021ರಲ್ಲಿ ಕೊಟ್ಟ ವರದಿ ಪ್ರಕಾರ, ಕೌಶಲ್ಯದ ಆಧಾರದ ಮೇಲೆ ಪಿಆರ್ ಪಡೆದು ಬಂದವರಲ್ಲಿ ಹತ್ತಿರ ಹತ್ತಿರ ನಾಲ್ವರಲ್ಲಿ ಒಬ್ಬರು ತಮ್ಮ ವಿದ್ಯೆಗಿಂತ ಕೆಳಗಿನ ಕೆಲಸ ಮಾಡ್ತಿದ್ದಾರೆ. ಸಿವಿಲ್ ಇಂಜಿನಿಯರ್ ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸೋದು, ಊರಲ್ಲಿ ಹತ್ತು ವರ್ಷ ಪಾಠ ಮಾಡಿದ ಟೀಚರ್ ಚೈಲ್ಡ್ ಕೇರ್ ಸಹಾಯಕಿ ಆಗೋದು ಅಲ್ಲಿ ಅಪರೂಪವಲ್ಲ. ಗಲ್ಫ್‌ನಲ್ಲಿ ಡಿಗ್ರಿ ಮುಗಿಸಿದ ಹುಡುಗ ಹೆಲ್ಪರ್ ವೀಸಾದಲ್ಲಿ ಬಂದಿರೋದೂ ಅದೇ ಕಥೆ.

ಯಾವ ಕೆಲಸವೂ ಕೀಳಲ್ಲ, ಸರಿ. ಆದರೆ 'ನನಗೆ ಬರೋ ವಿದ್ಯೆ ಇಲ್ಲಿ ಯಾರಿಗೂ ಬೇಡ' ಅನ್ನೋ ಭಾವನೆ ದಿನಾ ಸ್ವಲ್ಪ ಸ್ವಲ್ಪ ಕೊರೀತದೆ. ಇದಕ್ಕೆ ಎರಡು ಮದ್ದು. ಒಂದು, ಮುಂದೆ ದಾರಿ ಇದೆ ಅನ್ನೋ ನಂಬಿಕೆ. ಪರವಾನಗಿ ಪರೀಕ್ಷೆಯೋ, ಕೋರ್ಸೋ, ಅದೇ ಕಂಪನಿಯಲ್ಲಿ ಮೇಲಿನ ಹುದ್ದೆಯೋ. ಹೆಲ್ಪರ್ ಆಗಿ ಬಂದವನಿಗೆ ಫೋರ್ಕ್‌ಲಿಫ್ಟ್ ಲೈಸೆನ್ಸ್ ಮಾಡಿಸಿ ಕೊಡೋ ಕಂಪನಿಯನ್ನು ಅವನು ಸುಲಭಕ್ಕೆ ಬಿಟ್ಟು ಹೋಗಲ್ಲ. ಎರಡನೆಯದು, ತನ್ನ ಕೆಲಸ ಯಾರಿಗೆ ಮುಟ್ಟುತ್ತೆ ಅಂತ ಕಣ್ಣಾರೆ ನೋಡೋದು.

ಈ ಎರಡನೆಯದಕ್ಕೆ 2007ರಲ್ಲಿ ಪ್ರಕಟವಾದ ಒಂದು ಪ್ರಯೋಗ ಪ್ರಸಿದ್ಧ. ಆಡಮ್ ಗ್ರಾಂಟ್ ಮತ್ತು ಜೊತೆಗಾರರು ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ಫೋನ್ ಮಾಡಿ ದೇಣಿಗೆ ಕೇಳುವ ಸಿಬ್ಬಂದಿಯಲ್ಲಿ ಕೆಲವರಿಗೆ, ಆ ದೇಣಿಗೆಯಿಂದಲೇ ಓದುತ್ತಿದ್ದ ವಿದ್ಯಾರ್ಥಿಯೊಬ್ಬರನ್ನು ಕೆಲವೇ ನಿಮಿಷ ಭೇಟಿ ಮಾಡಿಸಿದರು. ಸಂಬಳ ಒಂದು ಕಾಸೂ ಏರಿಸಲಿಲ್ಲ. ಒಂದು ತಿಂಗಳ ನಂತರ ಅವರು ಫೋನ್‌ನಲ್ಲಿ ಕಳೆಯುವ ಸಮಯ ಮೊದಲಿನ ಎರಡು ಪಟ್ಟಿಗೂ ಹೆಚ್ಚಾಗಿತ್ತು, ತಂದ ದೇಣಿಗೆ ಎರಡೂವರೆ ಪಟ್ಟಿಗೂ ಹೆಚ್ಚಾಗಿತ್ತು. ಕಟ್ಟಿದವರಿಗೆ ಆ ಕಟ್ಟಡ ಪೂರ್ತಿಯಾದ ದಿನ ಒಳಗೆ ಕಾಲಿಡೋಕೂ ಬಿಡದ ಊರುಗಳಲ್ಲಿ ದುಡಿಯೋರಿಗೆ ಈ ಪ್ರಯೋಗದ ಅರ್ಥ ಬೇಗ ಆಗುತ್ತೆ.

ಮೈಗೆ ಸುಸ್ತಾದರೆ ಮನಸ್ಸಿಗೆಲ್ಲಿ ಬಲ?

ಮೂರನೇ ಕಾಲು ತ್ರಾಣ. ಇಲ್ಲಿ ಲೆಕ್ಕಕ್ಕೆ ಬರೋದು ನಿದ್ದೆ, ಬಿಸಿಲು, ಪ್ರಯಾಣ, ಮನೆಯ ಚಿಂತೆ.

ಮಾರ್ಸ್‌ಡನ್ ಪಾರ್ಕ್‌ನಲ್ಲಿ ಮನೆ ಕಟ್ಟಿಸಿಕೊಂಡವರಿಗೆ ಊರಲ್ಲೇ ರೈಲು ನಿಲ್ದಾಣ ಇಲ್ಲ. ನಗರದೊಳಗೆ ಆಫೀಸ್ ಇದ್ದರೆ ಸ್ಕೋಫೀಲ್ಡ್ಸ್ ರೈಲಿಗೋ ಟಲ್ಲವಾಂಗ್ ಮೆಟ್ರೋಗೋ ಮೊದಲು ಕಾರಿನಲ್ಲಿ ಅಥವಾ ಬಸ್ಸಿನಲ್ಲಿ ಹೋಗಬೇಕು. ಹೋಗಿ ಬರೋದರಲ್ಲೇ ದಿನದ ದೊಡ್ಡ ಪಾಲು ಕರಗುತ್ತೆ. ಗಂಡ ಹಗಲು ಪಾಳಿ, ಹೆಂಡತಿ ರಾತ್ರಿ ಪಾಳಿ ಮಾಡಿ ಮಕ್ಕಳನ್ನು ನೋಡಿಕೊಳ್ಳೋ ಮನೆಗಳಲ್ಲಿ ಇಬ್ಬರೂ ಎದುರಾಗೋದು ಗ್ಯಾರೇಜಿನ ಬಾಗಿಲಲ್ಲಿ. ಅಜ್ಜಿ-ತಾತ ಹತ್ತಿರ ಇಲ್ಲ. ಇಂಥವರಿಗೆ ಸಂಜೆ ಆರರ ನಂತರ ಬರುವ ಆಫೀಸಿನ ಮೆಸೇಜು ಬರೀ ಮೆಸೇಜಲ್ಲ, ಮಗುವಿನ ಪಾಲಿನ ಸಮಯ. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ ಕೆಲಸದ ವೇಳೆ ಮುಗಿದ ಮೇಲೆ ಬರುವ ಕರೆ, ಸಂದೇಶಗಳಿಗೆ ಉತ್ತರಿಸದಿರುವ ಹಕ್ಕು ಬಂತು. ಸಣ್ಣ ಉದ್ಯಮಗಳಿಗೆ ಅದು 2025ರ ಆಗಸ್ಟ್ 26ರಿಂದ ಅನ್ವಯ. ಅಕಾರಣವಾಗಿ ನಿರಾಕರಿಸುವ ಹಾಗಿಲ್ಲ ಅನ್ನೋ ಷರತ್ತೂ ಇದೆ. ಮಾರ್ಸ್‌ಡನ್ ಪಾರ್ಕ್ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 2022ರ ಅಕ್ಟೋಬರ್‌ನಿಂದ ವಿಪರೀತ ಕೆಲಸದ ಹೊರೆ, ಕಿರುಕುಳ, ಬೆಂಬಲವೇ ಇಲ್ಲದಿರೋದು ಇಂಥವನ್ನೂ ಯಂತ್ರದ ಅಪಾಯದಂತೆಯೇ ಕೆಲಸದ ಅಪಾಯ ಎಂದು ಪರಿಗಣಿಸಿ ಮಾಲೀಕರು ತಡೆಯಬೇಕು.

ಗಲ್ಫ್‌ನಲ್ಲಿ ತ್ರಾಣದ ಮೊದಲ ಶತ್ರು ಬಿಸಿಲು. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ನೇರ ಬಿಸಿಲಿನಲ್ಲಿ ಕೆಲಸ ನಿಷೇಧ. ಕತಾರ್‌ನಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ. ವಿಶ್ರಾಂತಿಗೆ ನೆರಳು, ತಣ್ಣೀರು, ಕ್ಯಾಂಪಿನಲ್ಲಿ ರಾತ್ರಿ ನಿದ್ದೆಗೆ ಕೆಲಸ ಮಾಡೋ ಎಸಿ, ಇವೆಲ್ಲ ದಾನವಲ್ಲ. ರಾತ್ರಿ ನಿದ್ದೆಗೆಟ್ಟವನಿಂದ ಮರುದಿನ ಮನಸ್ಸಿಟ್ಟ ಕೆಲಸ ಬಯಸೋದು ಎಣ್ಣೆ ಹಾಕದ ದೀಪದಿಂದ ಬೆಳಕು ಕೇಳಿದ ಹಾಗೆ.

ಮನಸ್ಸು ಎದ್ದು ಹೋಗ್ತಿದೆ ಅಂತ ತಿಳಿಯೋದು ಹೇಗೆ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಹೊಸ ರೋಗ ವರ್ಗೀಕರಣದಲ್ಲಿ 'ಬರ್ನ್‌ಔಟ್' ಅನ್ನು ಕೆಲಸಕ್ಕೆ ಸಂಬಂಧಿಸಿದ ಸ್ಥಿತಿಯಾಗಿ ಸೇರಿಸಿತು. ಅದನ್ನು ಕಾಯಿಲೆ ಅನ್ನಲಿಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದ ಫಲ ಅಂದಿತು. ಗುರುತು ಮೂರು. ಎಷ್ಟು ವಿಶ್ರಾಂತಿ ತಗೊಂಡರೂ ಹೋಗದ ಬಳಲಿಕೆ. ಕೆಲಸದ ಬಗ್ಗೆ ದೂರವಾದ, ಕಹಿಯಾದ ಭಾವ. ಎಷ್ಟು ಮಾಡಿದರೂ ಏನೂ ಸಾಧಿಸಿಲ್ಲ ಅನ್ನೋ ಅನಿಸಿಕೆ. ಇವು ವಾರಗಟ್ಟಲೆ ಇದ್ದರೆ 'ದೃಷ್ಟಿ ತಾಗಿದೆ', 'ಸೋಮಾರಿತನ' ಅಂತ ತಳ್ಳಿಹಾಕದೆ ಡಾಕ್ಟರ ಹತ್ತಿರ ಮಾತಾಡೋದು ಒಳ್ಳೇದು.

ಯಾರು ಏನು ಮಾಡಬಹುದು?

ಕಾರ್ಮಿಕರು: ಕೆಲಸದ ಗಂಟೆಗಳನ್ನು ದಿನಾ ಫೋನಿನಲ್ಲೋ ಪುಸ್ತಕದಲ್ಲೋ ಬರೆದಿಡಿ, ಪೇಸ್ಲಿಪ್ ಜೊತೆ ತಾಳೆ ನೋಡಿ. ಒಪ್ಪಂದದ ಪ್ರತಿ, ವೀಸಾದ ಪ್ರತಿ ಊರಿನ ಮನೆಯಲ್ಲೂ ಒಂದು ಇರಲಿ. ಕೆಲಸ ಬದಲಿಸಲು ನಿಮ್ಮ ವೀಸಾದಲ್ಲಿ ಏನು ದಾರಿ ಇದೆ ಅಂತ ಇವತ್ತೇ ತಿಳಿದುಕೊಳ್ಳಿ, ಬಿಡೋ ಯೋಚನೆ ಇಲ್ಲದಿದ್ದರೂ ಸರಿ. ದಾರಿ ಇದೆ ಅಂತ ಗೊತ್ತಿದ್ದರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತೆ. ಆಸ್ಟ್ರೇಲಿಯಾದಲ್ಲಿ ಕೂಲಿ, ರಜೆಯ ಪ್ರಶ್ನೆಗಳಿಗೆ ಫೇರ್ ವರ್ಕ್ ಓಂಬುಡ್ಸ್‌ಮನ್‌ನ 13 13 94, ದುಭಾಷಿ ಬೇಕಿದ್ದರೆ 131 450. ಗಲ್ಫ್‌ನಲ್ಲಿ ಆಯಾ ದೇಶದ ಕಾರ್ಮಿಕ ಸಚಿವಾಲಯ ಮತ್ತು ಭಾರತೀಯ ರಾಯಭಾರ ಕಚೇರಿ.

ಸೂಪರ್‌ವೈಸರ್, ಮಾಲೀಕರು: ಸರ್ವೆ ಫಾರಂ ಹಂಚೋ ಮೊದಲು ಒಂದು ಪರೀಕ್ಷೆ ಮಾಡಿ ನೋಡಿ. ಕಳೆದ ತಿಂಗಳು ನಿಮ್ಮ ತಂಡದವರು ಎಷ್ಟು ಸಲ 'ಇದು ಸರಿ ಇಲ್ಲ' ಅಂದರು? ಒಂದು ಸಲವೂ ಇಲ್ಲ ಅಂದ್ರೆ ಎಲ್ಲ ಸರಿ ಇದೆ ಅಂತಲ್ಲ. ಹೇಳೋಕೆ ಹೆದರ್ತಿದ್ದಾರೆ ಅಂತ ಇರಬಹುದು. ಯಾರಾದರೂ ಹೇಳಿದಾಗ ಸರಿಪಡಿಸೋಕೆ ಆಗದಿದ್ದರೂ ಯಾಕೆ ಆಗಲ್ಲ ಅಂತ ಬಂದು ಹೇಳಿ. ಕೇಳಿ ಸುಮ್ಮನಿರೋದು, ಕೇಳದೇ ಇರೋದಕ್ಕಿಂತ ಕೆಟ್ಟದ್ದು.

ಮನೆಯವರು: ಊರಿಗೂ ಸಿಡ್ನಿಗೂ ನಾಲ್ಕೂವರೆಯಿಂದ ಐದೂವರೆ ಗಂಟೆ ಅಂತರ. ಇಲ್ಲಿ ರಾತ್ರಿ ಒಂಬತ್ತಾದರೆ ಅಲ್ಲಿ ನಡುರಾತ್ರಿ ದಾಟಿರುತ್ತೆ. ಕರೆ ಮಾಡೋ ಹೊತ್ತು ನೋಡಿ ಮಾಡಿ. 'ಇನ್ನೂ ಎಷ್ಟು ಕಳಿಸ್ತೀಯ?' ಅನ್ನೋ ಪ್ರಶ್ನೆಯ ಜೊತೆಗೆ 'ಯಾರ ಜೊತೆ ಊಟ ಮಾಡ್ತೀಯ? ಮೇಲಿನವರು ಹೇಗೆ ಮಾತಾಡಿಸ್ತಾರೆ? ರಾತ್ರಿ ನಿದ್ದೆ ಬರುತ್ತಾ?' ಅಂತಲೂ ಕೇಳಿ. 'ನಡೀತಿದೆ' ಅನ್ನೋ ಉತ್ತರದ ಹಿಂದೆ ಏನಿದೆ ಅಂತ ತಿಳಿಯೋದು ಈ ಪ್ರಶ್ನೆಗಳಿಂದಲೇ. ಊರಲ್ಲಿ ಹೊಸ ಸಾಲ ಮಾಡೋ ಮೊದಲು ಇದನ್ನೂ ಯೋಚಿಸಿ: ಪ್ರತಿ ಹೊಸ ಕಂತೂ ಅಲ್ಲಿರುವವನ ಬಾಯಿಗೆ ಇನ್ನೊಂದು ಬೀಗ.

ಸಂಘಗಳು: ಸಿಡ್ನಿ, ಮೆಲ್ಬೋರ್ನ್‌ನಲ್ಲೂ ಗಲ್ಫ್‌ನ ಪ್ರತಿ ದೊಡ್ಡ ನಗರದಲ್ಲೂ ಕನ್ನಡ ಸಂಘಗಳಿವೆ. ರಾಜ್ಯೋತ್ಸವ, ಯುಗಾದಿ ಕಾರ್ಯಕ್ರಮದಲ್ಲಿ ಅರ್ಧ ಗಂಟೆ ಕೂಲಿ-ವೀಸಾ ಹಕ್ಕುಗಳ ಬಗ್ಗೆ ಕನ್ನಡದಲ್ಲೇ ಹೇಳಿಸಿದರೆ, ಕೆಲಸದ ಜಾಗದಲ್ಲಿ ಒಂಟಿಯಾಗಿ ಹೆದರಿ ಕೂತ ಹತ್ತು ಜನಕ್ಕೆ ಧೈರ್ಯ ಬಂದೀತು.

ದುಡಿಮೆಯಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ. ಅದನ್ನು ಯಾರೂ ಸಾಬೀತು ಮಾಡಬೇಕಾಗಿಯೂ ಇಲ್ಲ. ಬೇಕಿರೋದು ದುಡಿದಿದ್ದಕ್ಕೆ ಸರಿಯಾದ ಕೂಲಿ, ತಪ್ಪು ಕಂಡಾಗ ಹೇಳೋಕೆ ಧೈರ್ಯ, ಸಂಜೆ ಮನೆಗೆ ಬಂದಾಗ ಮಗುವನ್ನು ಎತ್ತಿಕೊಳ್ಳೋಕೆ ಉಳಿದಷ್ಟು ಬಲ. ಇಷ್ಟು ಕೊಟ್ಟ ಜಾಗದಲ್ಲಿ ಮನಸ್ಸನ್ನು ಕಟ್ಟಿ ಹಾಕಬೇಕಾಗಿಲ್ಲ, ಅದು ತಾನಾಗೇ ನಿಲ್ಲುತ್ತೆ.